ತೋಟಕ್ಕೆ ಬರುವ ಮಂಗ ತಿನ್ನುವುದಕ್ಕಿಂತ ಕೆಡಿಸುವುದೇ ಜಾಸ್ತಿ, ಯಾಕೆ?

ನೀವು ಕೇಳಿದ್ದು ಒಂದು ಪ್ರಶ್ನೆ ಅಲ್ಲ, ನಾಲ್ಕೈದು. ಸಿರ್ಸಿ ಹತ್ತಿರ ಅಡಿಕೆ ತೋಟ, ಮಂಗಗಳು ತಿನ್ನುವುದು ಸ್ವಲ್ಪ, ಕಿತ್ತು ಬಿಸಾಡುವುದೇ ಜಾಸ್ತಿ. ನಿಮ್ಮನ್ನು ಕಂಡರೆ ಓಡುತ್ತವೆ, ನಿಮ್ಮ ಆಯಿಯನ್ನು (ತಾಯಿಯನ್ನು) ಕಂಡರೆ ಜಾಗ ಬಿಟ್ಟು ಕದಲುವುದಿಲ್ಲ, ಮೇಲಿಂದ ಹೆದರಿಸುತ್ತವೆ. ಗರ್ನಾಲಿಗೆ, ಅಂದರೆ ದೊಡ್ಡ ಶಬ್ದದ ಪಟಾಕಿಗೆ, ಮೊದಲಿನ ಹಾಗೆ ಬೆದರುತ್ತಿಲ್ಲ. ಇವು ನಮ್ಮ ಮನೆ ಮೇಲೆ ಸಿಟ್ಟು ಇಟ್ಟುಕೊಂಡಿವೆಯಾ, ಹಿಡಿಸಿ ದೂರದ ಕಾಡಿಗೆ ಬಿಟ್ಟರೆ ಮುಗಿಯುತ್ತದಾ ಅಂತ ಕೇಳಿದ್ದೀರಿ. ನಮ್ಮದೂ ಬೆಟ್ಟದ ಬುಡದ ತೋಟ. ಮಂಗ ಕಾಯುತ್ತಲೇ ಬೆಳೆದವನು ನಾನು. ಅದರ ಜೊತೆಗೆ ಈ ಪ್ರಾಣಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಸಿಟ್ಟಿನ ಮಾತು ಮೊದಲು ಬಿಟ್ಟುಬಿಡಿ. ಮಂಗಕ್ಕೆ ಸಿಟ್ಟು ಬರುತ್ತದೆ, ನಿಜ. ಆದರೆ ಅಡಿಕೆ ಕೊನೆ (ಗೊಂಚಲು) ಹಾಳಾಗುವುದಕ್ಕೂ ಸಿಟ್ಟಿಗೂ ಸಂಬಂಧ ಇಲ್ಲ.

ನಮ್ಮ ಕಡೆ ತೋಟಕ್ಕೆ ನುಗ್ಗುವುದು ಮುಖ್ಯವಾಗಿ ಎರಡು ಜಾತಿ. ಒಂದು ಉದ್ದ ಬಾಲದ, ಕಪ್ಪು ಮುಖದ ಮುಸ್ಯ. ಅದು ಸೊಪ್ಪು ತಿನ್ನುವ ಪ್ರಾಣಿ, ಸೊಪ್ಪು ಕೊಳೆಸಿ ಅರಗಿಸಿಕೊಳ್ಳಲು ಅದರ ಹೊಟ್ಟೆಯಲ್ಲೇ ಬೇರೆ ಬೇರೆ ಕೋಣೆಗಳಿವೆ. ಇನ್ನೊಂದು ಕಂದು ಮೈಯ ಸಾಮಾನ್ಯ ಮಂಗ, ವಿಜ್ಞಾನದ ಹೆಸರು ಮಕಾಕಾ ರೇಡಿಯಾಟಾ. ಭಾರತದ ಪರ್ಯಾಯ ದ್ವೀಪ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಜಾತಿ ಇಲ್ಲ. ನೀವು ಹೇಳುವ ಲಕ್ಷಣ ನೋಡಿದರೆ ನಿಮ್ಮಲ್ಲಿಗೆ ಬರುವುದು ಈ ಎರಡನೆಯದು. ಇದಕ್ಕೆ ಮುಸ್ಯಕ್ಕೆ ಇಲ್ಲದ ಒಂದು ಅನುಕೂಲ ಇದೆ: ಕೆನ್ನೆಯೊಳಗೆ ಚೀಲ. ಕುತ್ತಿಗೆಯ ಪಕ್ಕದವರೆಗೂ ಹಿಗ್ಗುವ ಚೀಲ ಅದು.

ಒಂದು ಸಲ ದುರ್ಬೀನು ಹಿಡಿದು ಒಂದೇ ಮಂಗವನ್ನು ನೋಡಿ. ಕೊನೆಯ ಪಕ್ಕ ಕೂತು ಎಳೆ ಅಡಿಕೆ ಒಂದನ್ನು ಕೀಳುತ್ತದೆ. ತೊಟ್ಟಿನ ಕಡೆ ಕಚ್ಚಿ ಸಿಪ್ಪೆ ಸೀಳುತ್ತದೆ, ಒಳಗಿನ ಮೆತ್ತನೆ ತಿರುಳನ್ನೂ ನೀರನ್ನೂ ಚೀಪಿ ಕೈಬಿಡುತ್ತದೆ. ಮುಂದಿನದಕ್ಕೆ ಕೈ ಹಾಕುತ್ತದೆ. ಅದು ಸ್ವಲ್ಪ ಬಲಿತಿದ್ದರೆ ಒಂದೇ ಕಚ್ಚು, ಬಿಸಾಡುತ್ತದೆ. ಇಷ್ಟೂ ಹೊತ್ತು ಅದರ ಕಣ್ಣು ಅಡಿಕೆ ಮೇಲೆ ಇರುವುದಿಲ್ಲ, ಮನೆ ಕಡೆಗೆ ಇರುತ್ತದೆ. ಅದರ ಲೆಕ್ಕ ಬಹಳ ಸರಳ. ಒಂದು ಎಳೆ ಅಡಿಕೆಯಲ್ಲಿ ಸಿಗುವುದು ಚೂರೇ ಚೂರು, ಆದರೆ ಪಕ್ಕದಲ್ಲೇ ನೂರಾರು ಇವೆ. ಕೂಗು ಕೇಳುವ ತನಕ ಮಾತ್ರ ಸಮಯ. ಹೀಗಿರುವಾಗ ಒಂದನ್ನೇ ಪೂರ್ತಿ ತಿನ್ನುತ್ತಾ ಕೂರುವುದು ನಷ್ಟ. ಒಳ್ಳೆಯದನ್ನು ಆರಿಸುವುದು, ಉಳಿದದ್ದನ್ನು ಬಿಡುವುದು ಲಾಭ. ಬಾಳೆ ಗೊನೆಗೆ ಬಂದರೆ ಚೀಲ ತುಂಬಿಕೊಂಡು ಓಡುತ್ತದೆ. ಆಮೇಲೆ ಬೆಟ್ಟದ ಅಂಚಿನ ಮರದಲ್ಲಿ ಕೂತು, ಮುಂಗೈ ಹಿಂಬದಿಯಿಂದ ಕೆನ್ನೆ ಒತ್ತಿ ಒತ್ತಿ ಸ್ವಲ್ಪ ಸ್ವಲ್ಪವೇ ಬಾಯಿಗೆ ತಂದುಕೊಂಡು ನಿಧಾನವಾಗಿ ಜಗಿಯುತ್ತದೆ.

ಮರಿಗಳ ಹಾವಳಿ ಬೇರೆ. ಅವು ಕೀಳುವುದರಲ್ಲಿ ಅರ್ಧ ಆಟ, ಇನ್ನರ್ಧ ಯಾವುದು ತಿನ್ನಲು ಆಗುತ್ತದೆ ಅಂತ ಕಲಿಯುವ ಪಾಠ. ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಎಳೆದು ಹಾಕುವುದು ಜಾಸ್ತಿ ಇವೇ.

ಕಾಡಿನಲ್ಲಿ ಹೀಗೆ ಚೆಲ್ಲುವುದು ಯಾರಿಗೂ ನಷ್ಟ ಅಲ್ಲ. ಮುಸ್ಯಗಳು ಮರದ ಮೇಲೆ ತಿನ್ನುತ್ತಿದ್ದರೆ ಕೆಳಗೆ ಚುಕ್ಕೆ ಜಿಂಕೆಗಳು ಬಿದ್ದ ಸೊಪ್ಪು, ಕಾಯಿ ಆಯ್ದುಕೊಳ್ಳುತ್ತವೆ. ಅದೇ ಗುಣ ನಮ್ಮ ತೋಟಕ್ಕೆ ಬಂದಾಗ ನಮಗೆ ಹೊಟ್ಟೆ ಉರಿಯುತ್ತದೆ. ಉರಿಯಲೇಬೇಕು, ವರ್ಷದ ದುಡಿಮೆ ಅಲ್ವಾ.

ಈಗ ನಿಮ್ಮ ಆಯಿಯ ವಿಷಯ. ಇದು ನಿಮ್ಮ ಮನೆಯದೊಂದೇ ಕಥೆ ಅಲ್ಲ, ನಮ್ಮೂರಲ್ಲೂ ಹೆಂಗಸರು ಇದನ್ನೇ ಹೇಳುತ್ತಾರೆ. ಮಂಗ ಮನುಷ್ಯರನ್ನು ಒಬ್ಬೊಬ್ಬರಾಗಿ ಗುರುತಿಸುತ್ತದೆ. ಯಾರ ಕೈಯಿಂದ ಕಲ್ಲು ಬರುತ್ತದೆ, ಯಾರ ಹಿಂದೆ ನಾಯಿ ಬರುತ್ತದೆ, ಯಾರು ಬರೀ ಕೂಗಿ ಒಳಗೆ ಹೋಗುತ್ತಾರೆ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಕವಣೆ ಹಿಡಿಯುವವರು ಹೆಚ್ಚಾಗಿ ಗಂಡಸರು. ಹಾಗಾಗಿ ಲುಂಗಿ ಕಂಡರೆ ಓಟ, ಸೀರೆ ಕಂಡರೆ ಧೈರ್ಯ. ಹೆಂಗಸು ಅನ್ನುವ ತಾತ್ಸಾರ ಅದಕ್ಕಿಲ್ಲ, ಅನುಭವ ಇದೆ ಅಷ್ಟೇ. ನಿಮ್ಮ ಆಯಿ ನಾಯಿ ಜೊತೆ ಹೋಗಲಿ, ಕವಣೆಯನ್ನೂ ಹಿಡಿಯಲಿ. ನೀವು ಸ್ವಲ್ಪ ದಿನ ಹಿಂದೆ ನಿಂತಿರಿ. ಮಂಗಗಳ ಪಾಠ ಬದಲಾಗುತ್ತದೆ.

ಅವರಿಗೆ ಇನ್ನೂ ಒಂದು ಮಾತು ಹೇಳಿ. ಮಂಗದ ಮುಖ ಓದುವುದನ್ನು ಕಲಿತರೆ ಅರ್ಧ ಭಯ ಹೋಗುತ್ತದೆ. ಹುಬ್ಬು ಮೇಲೆತ್ತಿ, ಬಾಯಿ ಗುಂಡಗೆ ತೆರೆದು, ನೆಟ್ಟ ಕಣ್ಣಲ್ಲಿ ನೋಡಿದರೆ ಅದು ಬೆದರಿಕೆ. ತುಟಿ ಹಿಂದಕ್ಕೆ ಎಳೆದು ಹಲ್ಲು ಪೂರ್ತಿ ತೋರಿಸಿದರೆ ಅದು ಹೆಚ್ಚಾಗಿ ಹೆದರಿದ ಲಕ್ಷಣ, ಸೋತೆ ಅಂತ ದೊಡ್ಡ ಮಂಗಕ್ಕೆ ಚಿಕ್ಕದು ತೋರಿಸುವ ಮುಖ. ಹೆದರಿದ ಮಂಗವನ್ನೂ ಮೂಲೆಗೆ ಒತ್ತಬೇಡಿ, ದಾರಿ ಇಲ್ಲದಿದ್ದರೆ ಕಚ್ಚುತ್ತದೆ. ಗಂಡು ಮಂಗ ಬೆದರಿಸಿದಾಗ ಬೆನ್ನು ತಿರುಗಿಸಿ ಓಡುವುದು ಬೇಡ. ನಿಂತಲ್ಲೇ ನಿಂತು ಕೋಲು ನೆಲಕ್ಕೆ ಬಡಿದು, ಮುಖ ಅತ್ತಲೇ ಇಟ್ಟುಕೊಂಡು ನಿಧಾನವಾಗಿ ಹಿಂದೆ ಸರಿಯುವುದು ಒಳ್ಳೆಯದು.

ಗರ್ನಾಲಿನ ಸಂಗತಿ ನರಗಳ ಮಟ್ಟಕ್ಕೆ ಹೋಗುತ್ತದೆ. ಎರಿಕ್ ಕ್ಯಾಂಡೆಲ್ ಅನ್ನುವ ವಿಜ್ಞಾನಿ ಅಪ್ಲೀಸಿಯಾ ಎಂಬ ಸಮುದ್ರದ ಮೃದ್ವಂಗಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮೈಯ ಒಂದು ಭಾಗವನ್ನು ಮೆಲ್ಲಗೆ ಮುಟ್ಟಿದರೆ ಅದು ಕಿವಿರು ಒಳಗೆ ಎಳೆದುಕೊಳ್ಳುತ್ತದೆ. ಮುಟ್ಟುತ್ತಲೇ ಇದ್ದರೆ ಎಳೆದುಕೊಳ್ಳುವುದು ಕಡಿಮೆ ಆಗುತ್ತಾ ಹೋಗುತ್ತದೆ. ಸುದ್ದಿ ಒಯ್ಯುವ ನರದ ತುದಿಯಿಂದ ಹೊರಬರುವ ರಾಸಾಯನಿಕವೇ ಕಡಿಮೆಯಾಗುತ್ತದೆ ಅಂತ ಅವರು ತೋರಿಸಿದರು. ಅದೇ ಪ್ರಾಣಿಗೆ ಒಂದು ನೋವಿನ ಪೆಟ್ಟು ಬಿದ್ದರೆ ತಿರುಗಾ ಮುರುಗಾ, ಮೆಲ್ಲಗೆ ಮುಟ್ಟಿದರೂ ಜೋರಾಗಿ ಎಳೆದುಕೊಳ್ಳುತ್ತದೆ. ನೆನಪು, ಕಲಿಕೆಯ ಈ ಕೆಲಸಕ್ಕೆ 2000ರಲ್ಲಿ ಅವರಿಗೆ ನೊಬೆಲ್ ಬಂತು. ಗರ್ನಾಲಿನದೂ ಇದೇ ದಾರಿ. ಬರೀ ಶಬ್ದ, ಅದರ ಹಿಂದೆ ಏನೂ ಇಲ್ಲ. ಅದೇ ಹೊತ್ತಿಗೆ, ಅದೇ ಅಂಗಳದಿಂದ. ಮಂಗ ಯಾಕೆ ಹೆದರಬೇಕು? ಶಬ್ದದ ಬೆನ್ನಿಗೇ ನಾಯಿ ಬಂದರೆ ಅಥವಾ ಕಲ್ಲು ಕೊಂಬೆಗೆ ಬಡಿದರೆ ಆ ಶಬ್ದಕ್ಕೆ ಬೆಲೆ ಉಳಿಯುತ್ತದೆ. ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುವ ಗನ್ ಮಾತ್ರ ದಯವಿಟ್ಟು ಬೇಡ. ಅದು ಕೈಯಲ್ಲೇ ಸಿಡಿದು, ಹತ್ತಲಿಲ್ಲ ಅಂತ ಬಗ್ಗಿ ನೋಡಿ ಕಣ್ಣು ಕಳೆದುಕೊಂಡವರಿದ್ದಾರೆ.

ಹುಲಿ ಬೊಂಬೆ ಇಡಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಾಯಿಗೆ ಹುಲಿ ಪಟ್ಟೆ ಬಳಿದ ಸುದ್ದಿ ದೇಶವೆಲ್ಲ ಓಡಾಡಿತ್ತು. ಅವರಿಗೆ ಮೂಲ ಉಪಾಯ ಸಿಕ್ಕಿದ್ದು ನಮ್ಮ ಭಟ್ಕಳದಲ್ಲಿ ತೋಟಕ್ಕೆ ಇಟ್ಟ ಹುಲಿ ಬೊಂಬೆ ನೋಡಿ. ಬೊಂಬೆ ಬಣ್ಣ ಮಾಸಿದ ಮೇಲೆ ಅವರು ನಾಯಿಗೆ ಬಣ್ಣ ಹಾಕಿದರು. ಈ ಉಪಾಯದ ಹಿಂದೆ ನಿಜವಾದ ವಿಜ್ಞಾನ ಇದೆ. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ ಅನ್ನುವ ಸಂಶೋಧಕರು ದಕ್ಷಿಣ ಭಾರತದ ಇದೇ ಜಾತಿಯ ಮಂಗಗಳಿಗೆ ಚಿರತೆಯ ಮಾದರಿ ತೋರಿಸಿ ಅಧ್ಯಯನ ಮಾಡಿದ್ದಾರೆ. ಚುಕ್ಕೆ ಇರುವ ಚಿರತೆ ಕಂಡಾಗ ಓಡಿದಷ್ಟು ಬೇಗ ಕಪ್ಪು ಚಿರತೆ ಕಂಡಾಗ ಓಡಲಿಲ್ಲ. ಪೊದೆಯ ಮರೆಯಲ್ಲಿ ಮೈಯ ಅರ್ಧ ಮಾತ್ರ ಕಂಡರೂ ಚುಕ್ಕೆಯಿಂದಲೇ ಗುರುತು ಹಿಡಿದವು. ಮುಸ್ಯ, ಕಡವೆಗಳ ಎಚ್ಚರಿಕೆ ಕೂಗಿಗೂ ಇವು ಕಿವಿಗೊಡುತ್ತವೆ ಅಂತ ಅವರದೇ ಇನ್ನೊಂದು ಅಧ್ಯಯನ ಹೇಳುತ್ತದೆ.

ಇದರಿಂದ ನಾನು ಕಂಡುಕೊಂಡಿದ್ದು ಇಷ್ಟು. ಬೊಂಬೆಯನ್ನು ಅಂಗಳದ ನಡುವೆ ಮೂರು ತಿಂಗಳು ನಿಲ್ಲಿಸಿದರೆ ಅದರ ತಲೆ ಮೇಲೆಯೇ ಕೂರುತ್ತವೆ. ಚುಕ್ಕೆ ಬಟ್ಟೆಯನ್ನು ಬೆಟ್ಟದ ಅಂಚಿನ ಪೊದೆಯಲ್ಲಿ ಅರೆಮರೆ ಮಾಡಿ, ಮಂಗ ಬರುವ ದಾರಿಯಲ್ಲೇ ಇಟ್ಟು, ಎರಡು ದಿನಕ್ಕೆ ತೆಗೆದುಬಿಡಿ. ಆಮೇಲೆ ಬೇರೆ ಕಡೆ ಇಡಿ. ಅಡಿಕೆ ಎಳೆಯದಾಗಿರುವ ವಾರಗಳಿಗೇ ಇದನ್ನು ಉಳಿಸಿಕೊಳ್ಳಿ. ವರ್ಷವಿಡೀ ಖರ್ಚು ಮಾಡಬೇಡಿ.

ಎಲ್ಲಕ್ಕಿಂತ ನಾನು ಒತ್ತಿ ಹೇಳಬೇಕಾದ್ದು ಓಡಿಸುವ ಹೊತ್ತಿನ ಬಗ್ಗೆ. ಬಿ.ಎಫ್. ಸ್ಕಿನ್ನರ್ ಅನ್ನುವ ಮನೋವಿಜ್ಞಾನಿ ಇಲಿ, ಪಾರಿವಾಳಗಳಲ್ಲಿ ನೋಡಿದ ಸಂಗತಿ ಒಂದಿದೆ. ಪ್ರತಿ ಸಲ ಕಾಳು ಸಿಗುತ್ತಿದ್ದ ಪ್ರಾಣಿ, ಕಾಳು ನಿಂತ ಮೇಲೆ ಬೇಗ ಕೈಬಿಡುತ್ತದೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಹಾಗೆ ಆಗೀಗ ಸಿಗುತ್ತಿದ್ದ ಪ್ರಾಣಿ, ನಿಂತ ಮೇಲೂ ಬಹಳ ಕಾಲ ಪ್ರಯತ್ನ ಬಿಡುವುದಿಲ್ಲ. ವಾರದಲ್ಲಿ ನಾಲ್ಕು ದಿನ ಕಾದು, ಮದುವೆ ಮನೆ ಅಂತ ಮೂರು ದಿನ ಬಿಟ್ಟರೆ ನಾವು ಮಂಗಕ್ಕೆ ಕಲಿಸುವುದು ಇದನ್ನೇ: ಬರ್ತಾ ಇರು, ಒಂದು ದಿನ ಸಿಗುತ್ತದೆ. ಊಟ ಮುಗಿಸಿ ಎದ್ದು ಹೋಗಿ ಓಡಿಸಿದರೂ ಅಷ್ಟೇ, ಅಷ್ಟರಲ್ಲಿ ಕೆನ್ನೆ ಚೀಲ ತುಂಬಿರುತ್ತದೆ. ಓಡಿದ ಮಂಗ ಗೆದ್ದು ಓಡಿರುತ್ತದೆ. ಅದಕ್ಕೇ ಕಾಯುವುದಾದರೆ ತೋಟದ ಒಳಗಲ್ಲ, ಬೆಟ್ಟದ ಅಂಚಿನಲ್ಲಿ ಕಾಯಿರಿ. ಮೊದಲ ಮಂಗ ಮರದಿಂದ ಮರಕ್ಕೆ ಹಾರುವ ಮುಂಚೆ ಓಡಿಸಿ. ಒಬ್ಬರಿಂದ ಆಗದ ಕೆಲಸ ಇದು. ಅಕ್ಕಪಕ್ಕದ ನಾಲ್ಕು ಮನೆಯವರು ಸರದಿ ಹಾಕಿಕೊಂಡು ಕಾದರೆ ಮಾತ್ರ ಪ್ರತಿ ಸಲ ಬರಿಗೈ ಅನ್ನುವುದು ಅವಕ್ಕೆ ಅರ್ಥ ಆಗುತ್ತದೆ.

ಹಿಡಿಸಿ ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನುವುದು ಒಂದು. ಹಿಂಡಿನ ಹೆಣ್ಣು ಮಂಗಗಳು ಹುಟ್ಟಿದ ಹಿಂಡಿನಲ್ಲೇ ಬಾಳುತ್ತವೆ, ದೊಡ್ಡವಾದ ಮೇಲೆ ಹಿಂಡು ಬಿಟ್ಟು ಹೋಗುವುದು ಗಂಡು. ಅರ್ಧ ಹಿಂಡು ಬೋನಿಗೆ ಬಿದ್ದರೆ ತಾಯಿ ಒಂದು ಕಡೆ, ಮರಿ ಒಂದು ಕಡೆ. ಖಾಲಿಯಾದ ಜಾಗಕ್ಕೆ ಪಕ್ಕದ ಹಿಂಡು ಬರುತ್ತದೆ, ಯಾಕೆಂದರೆ ಅಡಿಕೆ, ಬಾಳೆ ಅಲ್ಲೇ ಇದೆಯಲ್ಲ. ನೀವು ಬಿಟ್ಟು ಬಂದ ಹಿಂಡು ಅಲ್ಲಿಯ ಯಾರದೋ ತೋಟಕ್ಕೆ ಇಳಿಯುತ್ತದೆ. ತೋಟದ ರುಚಿಯನ್ನು ಅದು ಜೊತೆಗೇ ಒಯ್ದಿರುತ್ತದೆ. ನಿಮ್ಮ ಕಷ್ಟ ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ, ಅಷ್ಟೇ.

ಸಿರ್ಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಕಾರು ನಿಲ್ಲಿಸಿ ಬಿಸ್ಕೆಟ್ ಹಾಕುವವರ ಮೇಲೆ ನನಗೆ ನಿಜಕ್ಕೂ ಬೇಸರ ಇದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಜೊತೆಗಾರರು 2018ರಲ್ಲಿ ಬಂಡೀಪುರದ ಮಂಗಗಳ ಬಗ್ಗೆ ಬರೆದಿದ್ದಾರೆ. ತಿಂಡಿ ಹಿಡಿದವರ ಮುಂದೆ ಅವು ಕೂ ಅಂತ ದನಿ ತೆಗೆದು, ಕೈ ಚಾಚಿ ಬೇಡುತ್ತವಂತೆ. ಜನ ತಮ್ಮ ಕಡೆ ನೋಡುತ್ತಿದ್ದಾರಾ ಅನ್ನುವುದನ್ನೂ ಗಮನಿಸುತ್ತವೆ. ಇಷ್ಟು ಬುದ್ಧಿ ಇರುವ ಪ್ರಾಣಿಗೆ ಮನುಷ್ಯ ಅಂದರೆ ಊಟ ಅಂತ ನಾವೇ ಕಲಿಸಿ, ಆಮೇಲೆ ಅಡುಗೆ ಮನೆಗೆ ನುಗ್ಗಿತು ಅಂತ ದೂರುವುದು ಸರಿಯಲ್ಲ. ನಿಮ್ಮಲ್ಲಿಗೆ ಬರುವ ನೆಂಟರಿಗೂ ಇದನ್ನು ಹೇಳಿ. ಹಾಳಾದ ಬಾಳೆಹಣ್ಣನ್ನು ತೋಟದ ಅಂಚಿಗೆ ಎಸೆಯುವ ಬದಲು ಗೊಬ್ಬರ ಗುಂಡಿಗೆ ಹಾಕಿ ಮುಚ್ಚಿ.

ಕೊನೆಯದಾಗಿ ಒಂದು ಎಚ್ಚರಿಕೆ, ನೀವು ಕೇಳದಿದ್ದರೂ. ತೋಟದಲ್ಲೋ ಬೆಟ್ಟದಲ್ಲೋ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ನಾಯಿಯನ್ನೂ ಬಿಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ನಮ್ಮ ಸಿದ್ದಾಪುರ ಕಡೆಯೂ ಜನರನ್ನು ಕಾಡಿದೆ. ಅದನ್ನು ಹರಡುವುದು ಉಣ್ಣಿ. ಮಂಗ ಸತ್ತಾಗ ಮೈಮೇಲಿನ ಉಣ್ಣಿ ಸುತ್ತಲ ನೆಲಕ್ಕೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ, ಅದರಲ್ಲೂ ಡಿಸೆಂಬರ್‌ನಿಂದ ಮೇ ತನಕ ಇದರ ಕಾಟ ಜಾಸ್ತಿ. ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರಲು ಬೆಟ್ಟಕ್ಕೆ ಹೋಗುವವರು ಮೈಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಲಿ, ಬಂದ ತಕ್ಷಣ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಲಿ. ಸತ್ತ ಮಂಗದ ಸುದ್ದಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅದೇ ದಿನ ಮುಟ್ಟಿಸಿ.