ಭಾವಿ ಪ್ರಾಥಮಿಕ ಶಿಕ್ಷಕರಿಗೆ ಸುಸ್ಥಿರತೆಯನ್ನು ಎಲ್ಲಿಂದ ಶುರುಮಾಡಿ ಕಲಿಸಬೇಕು?

ನಿಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳೆಲ್ಲ 'ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ' ಎಂಬಲ್ಲಿಗೇ ನಿಲ್ಲುತ್ತಿವೆ, ಕೆಲವೇ ತರಗತಿಗಳಲ್ಲಿ ಇದನ್ನು ಸರಿಪಡಿಸುವುದು ಹೇಗೆ ಎಂದು ಕೇಳಿದ್ದೀರಿ. ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುತ್ತು ತರದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂಬ 1987ರ ಬ್ರಂಟ್‌ಲ್ಯಾಂಡ್ ವರದಿಯ ವ್ಯಾಖ್ಯೆಯನ್ನಾಗಲಿ, ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಯನ್ನಾಗಲಿ ಮೊದಲ ದಿನವೇ ಬೋರ್ಡಿನ ಮೇಲೆ ಬರೆಯಬೇಡಿ. ಬರೆದರೆ ನಾಳೆ ಅವರೂ ಮಕ್ಕಳಿಂದ ಅದನ್ನೇ ಬರೆಸುತ್ತಾರೆ. ಯಾವುದೇ ನೈಸರ್ಗಿಕ ಸಂಪತ್ತು ಎಷ್ಟು ಬೇಗ ಮತ್ತೆ ಹುಟ್ಟುತ್ತದೆ, ನಾವು ಎಷ್ಟು ಬೇಗ ಬಳಸುತ್ತಿದ್ದೇವೆ ಎಂಬ ಲೆಕ್ಕ ಮೊದಲು ಕೈಗೆ ಸಿಗಬೇಕು.

ಅದಕ್ಕೆ ನಾನು ಹೇಳುವುದು ಕಾಳಿನ ಆಟ. ನಾಲ್ವರ ಗುಂಪು, ನಡುವೆ ಒಂದು ತಟ್ಟೆ, ಅದರಲ್ಲಿ 16 ಕಾಳು. ತಟ್ಟೆಯೇ ಕೆರೆ, ಕಾಳೇ ಮೀನು. ಒಂದು ಸುತ್ತಿಗೆ ಒಬ್ಬರು ಹೆಚ್ಚೆಂದರೆ 3 ಕಾಳು ತೆಗೆಯಬಹುದು. ಸುತ್ತು ಮುಗಿದ ಮೇಲೆ ಎಷ್ಟು ಉಳಿದಿದೆಯೋ ಅಷ್ಟನ್ನೇ ಮತ್ತೆ ಸೇರಿಸಿ. ಒಟ್ಟು 16 ದಾಟಬಾರದು. ಎರಡೆರಡು ತೆಗೆದರೆ 8 ಉಳಿದು ಮತ್ತೆ 16 ಆಗುತ್ತದೆ, ಕೆರೆಯ ಮೀನು ಮುಗಿಯುವುದೇ ಇಲ್ಲ. ಮೂರು ಮೂರು ತೆಗೆದರೆ 4 ಉಳಿದು 8 ಆಗುತ್ತದೆ, ಮುಂದಿನ ಸುತ್ತಿಗೇ ಎಲ್ಲರ ಪಾಲಿಗೆ ಸಾಲುವುದಿಲ್ಲ. ಮೊದಲ ಸಲ ಮಾತಿಲ್ಲದೆ ಆಡಿಸಿ, ಎರಡನೇ ಸಲ ಮಾತಾಡಿಕೊಳ್ಳಲು ಬಿಡಿ. ಆಟ ಕೆಡುವುದು ಎರಡು ಕಡೆ. 'ದುರಾಸೆ ಬೇಡ' ಎಂದು ಮೊದಲೇ ಹೇಳಿದರೆ ಎಲ್ಲರೂ ಸಂಭಾವಿತರಾಗುತ್ತಾರೆ, ಕೆರೆ ಏಕೆ ಬರಿದಾಗುತ್ತದೆ ಎಂಬುದು ಯಾರಿಗೂ ಕಾಣುವುದಿಲ್ಲ. ಎಷ್ಟು ಸುತ್ತು ಎಂದು ಹೇಳಿದರೆ ಕೊನೆಯ ಸುತ್ತಿನಲ್ಲಿ ಎಲ್ಲರೂ ಬಾಚಿಕೊಳ್ಳುತ್ತಾರೆ.

ಆಮೇಲೆ ಅಳತೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ 10 ನಿಮಿಷ ಲೋಟ ಇಟ್ಟು, ಬಿದ್ದ ನೀರನ್ನು ಮಿಲಿಲೀಟರಿನಲ್ಲಿ ಅಳೆದು 144ರಿಂದ ಗುಣಿಸಿದರೆ ಒಂದು ದಿನದ ಸೋರಿಕೆ ಸಿಗುತ್ತದೆ. 30 ಮಿಲಿಲೀಟರ್ ಬಿದ್ದಿದ್ದರೆ ದಿನಕ್ಕೆ 4.3 ಲೀಟರ್. ಇದು ಗಣಿತದ ಪಾಠವೂ ಹೌದು. ಸುಸ್ಥಿರತೆಗೆ ಬೇರೆ ಪೀರಿಯಡ್ ಹುಡುಕಬೇಕಿಲ್ಲ.

ಯಾವುದು ಕೊಳೆಯುತ್ತದೆ, ಯಾವುದು ಹಾಗೇ ಉಳಿಯುತ್ತದೆ ಎಂದು ಕಣ್ಣಾರೆ ನೋಡಲು ಹಣ್ಣಿನ ಸಿಪ್ಪೆ, ಕಾಗದ, ಹತ್ತಿ ಬಟ್ಟೆ, ಪ್ಲಾಸ್ಟಿಕ್ ಚೂರುಗಳನ್ನು ಮೊದಲ ದಿನವೇ ಮಣ್ಣಿನಲ್ಲಿ ಹೂಳಿಸಿ, ನಾಲ್ಕು ವಾರದ ನಂತರ ತೆಗೆಸಿ. ಮಣ್ಣು ಒಣಗಿದರೆ ಏನೂ ಕೊಳೆಯುವುದಿಲ್ಲ, ನೀರು ನಿಂತರೆ ಗಾಳಿಯಾಡದೆ ನಾರುತ್ತದೆ. ಹಿಂಡಿದ ಬಟ್ಟೆಯಷ್ಟು ತೇವ ಸಾಕು.

ಪ್ರಶಿಕ್ಷಣಾರ್ಥಿಗಳ ತಪ್ಪು ತಿಳಿವಳಿಕೆಯನ್ನು ಪಾಠಕ್ಕೆ ಮುಂಚೆಯೇ ಹೊರತೆಗೆಯಿರಿ. 'ಭೂಮಿ ಏಕೆ ಬಿಸಿಯಾಗುತ್ತಿದೆ? ಚಿತ್ರ ಬರೆಯಿರಿ' ಎನ್ನಿ. ಓಝೋನ್ ಪದರದ ತೂತಿನಿಂದ ಬಿಸಿಲು ನುಗ್ಗಿ ಭೂಮಿ ಕಾಯುತ್ತಿದೆ ಎಂಬ ಚಿತ್ರ ಬಂದರೆ ಅಲ್ಲೇ ನಿಂತು ಬಿಡಿಸಿ ಹೇಳಿ: ಓಝೋನ್ ತಡೆಯುವುದು ನೇರಳಾತೀತ ಕಿರಣಗಳನ್ನು, ಭೂಮಿ ಹೊರಬಿಡುವ ಶಾಖವನ್ನು ಹಿಡಿದಿಡುವುದು ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು. ಶಿಕ್ಷಕರಲ್ಲಿ ಉಳಿದ ಗೊಂದಲ ಮಕ್ಕಳಿಗೂ ದಾಟುತ್ತದೆ.

ಪಾಠಯೋಜನೆ ತಿದ್ದುವಾಗ ನಾನು ನೋಡುವುದು ಇದನ್ನೇ: ಎಂಟು ವರ್ಷದ ಮಗುವಿನ ಕೈಯಲ್ಲಾಗುವ ಕೆಲಸ ಅದರಲ್ಲಿದೆಯೇ? ಕರಗುವ ಹಿಮ, ಸಾಯುವ ಪ್ರಾಣಿಗಳ ಚಿತ್ರವಷ್ಟೇ ಇದ್ದರೆ ಮಗು ಹೆದರಿಕೆಯನ್ನು ಹೊತ್ತು ಮನೆಗೆ ಹೋಗುತ್ತದೆ. ಅಪ್ಪ ಅಮ್ಮನ ತಪ್ಪುಗಳ ಪಟ್ಟಿ ಮಾಡಿಸುವ ಹೋಂವರ್ಕನ್ನಂತೂ ಹೊಡೆದುಹಾಕಿ. ಅದರ ಬದಲು ಶಾಲೆಯ ಸೋರುವ ನಲ್ಲಿಯ ಲೆಕ್ಕವನ್ನು ಮುಖ್ಯೋಪಾಧ್ಯಾಯರಿಗೆ ಪತ್ರವಾಗಿ ಬರೆಸಲಿ, ರಿಪೇರಿಯಾದ ಮೇಲೆ ಮತ್ತೆ ಅಳೆಸಲಿ.