ಪ್ಯಾಲೇಸ್ ವ್ಯೂ ಬಿಡಿ, ನಿದ್ದೆ ಬರುವ ರೂಮು ಕೇಳಿ

ಮೈಸೂರಿನ ಹೋಟೆಲುಗಳಲ್ಲಿ 26 ವರ್ಷ ಕೆಲಸ ಮಾಡಿದ್ದೇನೆ. ಮೊದಲು ಹೌಸ್‌ಕೀಪಿಂಗ್, ಆಮೇಲೆ ಫ್ರಂಟ್ ಆಫೀಸ್. ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ನಾವಿಬ್ಬರು ಎರಡು ದಿನ ಮೈಸೂರಿಗೆ ಬರ್ತಿದ್ದೀವಿ, ಒಂದು ಒಳ್ಳೇ ಹೋಟೆಲ್ ಹೇಳಿ." ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ. ಒಂದೇ ಹೋಟೆಲಿನ 204ರಲ್ಲಿ ಮಲಗಿದವರು ಹೊಗಳುತ್ತಾರೆ, 211ರಲ್ಲಿ ಮಲಗಿದವರು ಬೈಯುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಮದುವೆಯಾಗಿ 22 ವರ್ಷ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮೊದಲ ಸಲ ನಾವಿಬ್ಬರೇ ಮೈಸೂರಿಗೆ ಹೋಗಿದ್ದೆವು. ಆನ್‌ಲೈನಿನಲ್ಲಿ ನಾಲ್ಕೂವರೆ ಸ್ಟಾರ್ ಇದ್ದ ಹೋಟೆಲ್. 'ಪ್ಯಾಲೇಸ್ ವ್ಯೂ' ರೂಮಿಗೆ ದಿನಕ್ಕೆ 6,500 ರೂಪಾಯಿ ಕೊಟ್ಟೆವು. ಎರಡು ರಾತ್ರಿಯೂ ನಿದ್ದೆ ಇಲ್ಲ. ಶನಿವಾರ ಕೆಳಗಡೆ ಆರತಕ್ಷತೆ, ಆರ್ಕೆಸ್ಟ್ರಾ. ಹಾಸಿಗೆ ಮಧ್ಯೆ ಸಂದು ಬೇರೆ. ಹೆಂಡತಿಗೆ ಸೊಂಟನೋವು. ಮತ್ತೆ ಹೋಗುವ ಆಸೆ ಇದೆ. ಊರೊಳಗೆ ಇರೋಣವೋ, ಹೊರಗಿನ ರೆಸಾರ್ಟೋ? ಹೇಗೆ ಆರಿಸೋದು? (ರಾಜಾಜಿನಗರ, ಬೆಂಗಳೂರು)

ಉತ್ತರ: ನೀವು ಹೋಟೆಲ್ ಆರಿಸಿದಿರಿ. ರೂಮು ಆರಿಸುವುದನ್ನು ಹೋಟೆಲಿನವರಿಗೆ ಬಿಟ್ಟಿರಿ. ಎಡವಿದ್ದು ಅಲ್ಲೇ.

ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಫ್ರಂಟ್ ಆಫೀಸಿನಲ್ಲಿ ಅವತ್ತು ಬರುವವರ ಪಟ್ಟಿ ತೆಗೆಯುತ್ತಾರೆ. ಆನ್‌ಲೈನ್ ಬುಕಿಂಗ್‌ನಲ್ಲಿ ಬರುವುದು ಇಷ್ಟೇ: ಹೆಸರು, ಇಬ್ಬರು, ಡಬಲ್ ರೂಮ್. ಮೊದಲು ಹಳೆ ಗಿರಾಕಿಗಳಿಗೆ, ಕಂಪನಿಯವರಿಗೆ, ಫೋನ್ ಮಾಡಿ ಕೇಳಿಕೊಂಡವರಿಗೆ ರೂಮು ಬ್ಲಾಕ್ ಆಗುತ್ತದೆ. ಉಳಿದಿದ್ದು ನಿಮಗೆ. ಉಳಿಯುವುದು ಯಾವುದು? ಲಿಫ್ಟ್ ಪಕ್ಕದ್ದು, ಪ್ಯಾಂಟ್ರಿ ಎದುರಿನದ್ದು, ಮದುವೆ ಹಾಲ್ ಮೇಲಿನದ್ದು. ಯಾರೂ ಬೇಕಂತ ಮಾಡುವುದಲ್ಲ. ಆ ರೂಮುಗಳಿಗೂ ಯಾರಾದರೂ ಹೋಗಲೇಬೇಕಲ್ಲ.

ಹಾಗಾಗಿ ಎಲ್ಲೇ ಬುಕ್ ಮಾಡಿ, ಹೋಟೆಲಿಗೇ ಒಂದು ಫೋನ್ ಮಾಡಿ. ಕಸ್ಟಮರ್ ಕೇರ್‌ಗಲ್ಲ, ರಿಸೆಪ್ಷನ್ನಿಗೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾಡಬೇಡಿ, ಚೆಕ್‌ಔಟ್ ಗಲಾಟೆಯಲ್ಲಿ ನಿಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಮಾಡಿ. ಹೊರಡುವ ಹಿಂದಿನ ದಿನ ಇನ್ನೊಂದು ಸಲ ನೆನಪಿಸಿ.

ಮೊದಲು ಕೇಳಬೇಕಾದದ್ದು ಹಾಸಿಗೆ. "ಒಂದೇ ಹಾಸಿಗೆಯಾ, ಎರಡು ಜೋಡಿಸಿದ್ದಾ?" ಹೀಗೇ ಕೇಳಿ. ಬಹಳಷ್ಟು ಹೋಟೆಲುಗಳಲ್ಲಿ ಮೂರು ಅಡಿಯ ಎರಡು ಮಂಚ ಇರುತ್ತವೆ. ವಾರದ ದಿನ ಟ್ರೈನಿಂಗಿಗೆ ಬಂದವರಿಗೆ ಬೇರೆ ಬೇರೆ ಮಾಡುತ್ತಾರೆ. ಶುಕ್ರವಾರ ಸಂಜೆ ಜೋಡಿಸಿ, ಮೇಲೊಂದು ದೊಡ್ಡ ಬೆಡ್‌ಶೀಟ್ ಎಳೆದು ಬಿಗಿಯುತ್ತಾರೆ. ನಾನೇ ಎಷ್ಟು ಸಲ ಬಿಗಿದಿದ್ದೇನೋ ಲೆಕ್ಕವಿಲ್ಲ. ಫೋಟೋದಲ್ಲಿ ಅದು ಕಿಂಗ್ ಸೈಜ್ ಥರಾನೇ ಕಾಣುತ್ತದೆ. ರಾತ್ರಿ ಒಬ್ಬರು ಮಗ್ಗುಲು ಬದಲಿಸಿದರೆ ಸಂದು ಬಾಯಿ ಬಿಡುತ್ತದೆ. ನಿಜವಾದ ಕಿಂಗ್ ಆರು ಅಡಿ ಅಗಲದ ಒಂದೇ ಹಾಸಿಗೆ. ಕ್ವೀನ್ ಐದು ಅಡಿ. ಉದ್ದ ಎರಡಕ್ಕೂ ಆರೂವರೆ. ಸೊಂಟನೋವು ಇರುವವರು "ಗಟ್ಟಿ ಹಾಸಿಗೆ ಇರೋ ರೂಮು" ಅಂತಲೂ ಹೇಳಿ. ಹೊಸ ಹಾಸಿಗೆ ಯಾವ ಮಹಡಿಗೆ ಬಂದಿದೆ ಅಂತ ಹೌಸ್‌ಕೀಪಿಂಗ್‌ನವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ರೂಮಿಗೆ ಹೋದ ತಕ್ಷಣ ಕಾಲ ಕಡೆಯ ಮೂಲೆಯಲ್ಲಿ ಬೆಡ್‌ಶೀಟ್ ಎತ್ತಿ. ಅಚ್ಚುಕಟ್ಟಾದ ಹೋಟೆಲಾದರೆ ಹಾಸಿಗೆಯ ಮೂಲೆಯಲ್ಲಿ ಒಂದು ಗುರುತು ಕಾಣಬಹುದು. ಒಂದು ಚೀಟಿಯೋ, ಮಾರ್ಕರ್‌ನಲ್ಲಿ ಬರೆದ ತಿಂಗಳ ಹೆಸರೋ ಇರುತ್ತದೆ. ಮೂರು ತಿಂಗಳಿಗೊಮ್ಮೆ ಹಾಸಿಗೆ ತಿರುಗಿಸಿ ಹಾಕಲು ಮಾಡಿಕೊಂಡ ಗುರುತು ಅದು. ಅದನ್ನು ಕಂಡರೆ ನನಗೆ ಗೋಡೆ ಮೇಲಿನ ಎಲ್ಲ ಸರ್ಟಿಫಿಕೇಟಿಗಿಂತ ಜಾಸ್ತಿ ನಂಬಿಕೆ. ಎತ್ತಿದ್ದೀರಲ್ಲ, ಹಾಗೇ ಹೊಲಿಗೆಯ ಅಂಚನ್ನೂ ನೋಡಿ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಸಾಲಾಗಿ ಇದ್ದರೆ ತಿಗಣೆ. ಮಾತಾಡದೆ ಬ್ಯಾಗು ಎತ್ತಿಕೊಂಡು ಕೆಳಗೆ ಬನ್ನಿ. ಡಾಂಬರು ಗುಳಿಗೆ ಇಟ್ಟರೆ ತಿಗಣೆ ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಹೋಗುವುದಿಲ್ಲ.

ಎರಡನೆಯದು ಸದ್ದು. ನಮ್ಮ ಕಡೆಯ ಹೋಟೆಲುಗಳಿಗೆ ಮದುವೆ ಹಾಲ್ ದೊಡ್ಡ ಆದಾಯ. "ನಾವು ಬರೋ ದಿನ ಹಾಲ್ ಬುಕ್ ಆಗಿದೆಯಾ?" ಅಂತ ಕೇಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೇ ಇದೆ. ಆದರೆ ನಿದ್ದೆ ಕೆಡಿಸುವುದು ಬರೀ ಹಾಡಲ್ಲ. ಹಾಡು ನಿಂತ ಮೇಲೆ ಕುರ್ಚಿ ಎಳೆಯುತ್ತಾರೆ. ಪಾತ್ರೆ ತೊಳೆಯುತ್ತಾರೆ. ಹೂವಿನ ಸ್ಟೇಜು ಬಿಚ್ಚುವವರು ಎರಡು ಗಂಟೆಯವರೆಗೆ ಸುತ್ತಿಗೆ ಹಿಡಿದಿರುತ್ತಾರೆ.

ಸುಮಾರು 15 ವರ್ಷದ ಹಿಂದಿನ ಮಾತು. ನನಗೆ ನೈಟ್ ಡ್ಯೂಟಿ. ರಾತ್ರಿ ಎರಡರ ಹೊತ್ತಿಗೆ ದಾವಣಗೆರೆಯ ಒಬ್ಬ ಅಮ್ಮ ದಿಂಬು ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿದು ಬಂದರು. ಹಿಂದೆ ಯಜಮಾನರು, ಕೈಯಲ್ಲಿ ಹೊದಿಕೆ. "ಇಲ್ಲೇ ಸೋಫಾ ಮೇಲೆ ಒರಗ್ತೀವಿ ಕಣಪ್ಪಾ, ಮೇಲೆ ಆಗ್ತಿಲ್ಲ" ಅಂದರು. ಒಂದು ಮಾತು ಬೈಯಲಿಲ್ಲ. ಹಾಲ್‌ನ ನೇರ ಮೇಲಿನ ರೂಮು ಕೊಟ್ಟಿದ್ದೆವು. ಅವತ್ತು ಬೇರೆ ರೂಮು ಖಾಲಿ ಇರಲಿಲ್ಲ. ಇಬ್ಬರೂ ಸೋಫಾದಲ್ಲಿ ಕೂತೇ ಬೆಳಗು ಮಾಡಿದರು. ಆಮೇಲಿಂದ ಹಾಲ್ ಇದ್ದ ದಿನ ಆ ರೂಮನ್ನು ವಯಸ್ಸಾದವರಿಗೆ ನಾನು ಕೊಟ್ಟಿಲ್ಲ. ಎಲ್ಲರೂ ಹಾಗೆ ಮಾಡುತ್ತಾರೆ ಅಂದುಕೊಳ್ಳಬೇಡಿ.

ಒಂದು ಉಪಾಯ ಇದೆ. ಆಷಾಢದಲ್ಲಿ ಬನ್ನಿ. ಮದುವೆ ಇಲ್ಲ, ಹಾಲ್ ಖಾಲಿ, ರೇಟೂ ಇಳಿದಿರುತ್ತದೆ. ಶುಕ್ರವಾರಗಳಲ್ಲಿ ಮಾತ್ರ ಚಾಮುಂಡಿ ಬೆಟ್ಟದ ಕಡೆ ವಿಪರೀತ ಜನ. ಅದೊಂದು ದಿನ ತಪ್ಪಿಸಿ. ದಸರಾ ಸಮಯದಲ್ಲಿ ಆರಾಮ ಹುಡುಕಿಕೊಂಡು ಬರಬೇಡಿ. ದಸರಾ ನೋಡಲು ಬನ್ನಿ, ಆರಾಮಕ್ಕೆ ಬೇರೆ ಸಲ ಬನ್ನಿ.

ಇನ್ನು ರೂಮು ಎಲ್ಲಿರಬೇಕು ಅನ್ನುವುದು. ಲಿಫ್ಟಿನಿಂದ ನಾಲ್ಕೈದು ಬಾಗಿಲು ಆಚೆ. ರಸ್ತೆ ಕಡೆ ಕಿಟಕಿ ಬೇಡ. ತೀರಾ ಮೇಲಿನ ಮಹಡಿಯೂ ಬೇಡ, ಅಲ್ಲಿ ಟ್ಯಾಂಕಿಗೆ ನೀರು ಬೀಳುವ ಸದ್ದು, ಇಲ್ಲದಿದ್ದರೆ ರೂಫ್‌ಟಾಪ್ ಬಾರ್. ಒಂದನೇ ಮಹಡಿಗೆ ಅಡುಗೆಮನೆಯ ಎಕ್ಸಾಸ್ಟ್, ಜನರೇಟರ್. ಮಧ್ಯದ ಮಹಡಿ, ಹಿಂಭಾಗ. "ವ್ಯೂ ಬೇಡ, ಹಿಂದುಗಡೆ ಕೊಡಿ" ಅಂತ ಕೇಳುವವರು ಕಡಿಮೆ. ಹಾಗಾಗಿ ಕೇಳಿದರೆ ಸಲೀಸಾಗಿ ಸಿಗುತ್ತದೆ.

ಪ್ಯಾಲೇಸ್ ವ್ಯೂಗೆ ಕೊಟ್ಟ ದುಡ್ಡು ನಿಜವಾಗಿ ದಂಡ. ಅರಮನೆಗೆ ಪೂರ್ತಿ ದೀಪ ಹಾಕುವುದು ಭಾನುವಾರ, ಸರ್ಕಾರಿ ರಜೆಯ ಸಂಜೆ, ದಸರಾದಲ್ಲಿ. ಅದೂ ಏಳರ ನಂತರ ಸ್ವಲ್ಪ ಹೊತ್ತು. ಅಷ್ಟು ಹೊತ್ತು ಅರಮನೆಯ ಅಂಗಳದಲ್ಲೇ ನಿಂತು ನೋಡಬೇಕೇ ಹೊರತು ಕಿಟಕಿಯಿಂದಲ್ಲ. ಉಳಿದ ಹೊತ್ತು ಆ ಕಿಟಕಿಯಿಂದ ಕಾಣುವುದು ವಾಟರ್ ಟ್ಯಾಂಕು, ಕೇಳುವುದು ಹಾರ್ನು.

ಊರೊಳಗೋ ಹೊರಗೋ? ನೀವಿಬ್ಬರೇ, ಎರಡೇ ರಾತ್ರಿ. ಹಾಗಿದ್ದರೆ ಊರೊಳಗೆ. ರಿಂಗ್ ರೋಡ್ ಕಡೆಯ ರೆಸಾರ್ಟಿನಲ್ಲಿ ಇಳಿದರೆ ಒಂದು ಕಾಫಿಗೂ ಕಾರು ತೆಗೆಯಬೇಕು. ಅಲ್ಲಿ ಲಾರಿ ಸದ್ದು ರಾತ್ರಿಯೇ ಜಾಸ್ತಿ. ಮಕ್ಕಳಿದ್ದರೆ ಈಜುಕೊಳಕ್ಕಾಗಿ ಹೋಗಲಿ. ನಿಮಗೆ ಯಾಕೆ? ಆದರೆ ಊರೊಳಗೆ ಅಂದರೆ ಸಬರ್ಬನ್ ಬಸ್ ಸ್ಟ್ಯಾಂಡ್ ಎದುರಲ್ಲ. ಅಲ್ಲಿ ನಸುಕಿಗೇ ಬಸ್ಸು ಶುರು. ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿದ ರೂಮೂ ಬೇಡ. ರೈಲ್ವೆ ಸ್ಟೇಷನ್ ಆಚೆಯ ಯಾದವಗಿರಿ ನೋಡಿ. ಮರಗಳಿವೆ, ಸದ್ದು ಕಡಿಮೆ, ಅರಮನೆಗೆ ಆಟೋದಲ್ಲಿ ಹತ್ತು ಹದಿನೈದು ನಿಮಿಷ. ರೈಲು ಹಳಿ ಕಡೆಯ ರೂಮು ಮಾತ್ರ ಬೇಡ ಅನ್ನಿ. ಇನ್ನೂ ನಿಶ್ಶಬ್ದ ಬೇಕಾದರೆ ಗೋಕುಲಂ, ಜಯಲಕ್ಷ್ಮೀಪುರಂ. ನಡೆದಾಡುವ ಆಸೆ ಇದ್ದರೆ ನಜರ್‌ಬಾದ್.

ಬೆಳಗಿನ ತಿಂಡಿ ಸೇರಿದ ರೇಟು ತಗೊಳ್ಳಬೇಡಿ. ಇದರಲ್ಲಿ ನನಗೆ ಹಟ ಇದೆ. ಬಫೆಯಲ್ಲಿ ಆರಿದ ಇಡ್ಲಿ, ಬ್ರೆಡ್ಡು, ಕಾರ್ನ್‌ಫ್ಲೇಕ್ಸ್ ತಿನ್ನಲು ಮೈಸೂರಿಗೆ ಬರಬೇಕಾ? ರೂಮು ಮಾತ್ರ ತಗೊಳ್ಳಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇಬ್ಬರೂ ಒಂದು ಸುತ್ತು ಹೋಗಿ ಬನ್ನಿ. ಆಮೇಲೆ ನಜರ್‌ಬಾದಿನ ಮೈಲಾರಿ ದೋಸೆ. ಬೆಣ್ಣೆ ಕರಗುವ ಮೊದಲೇ ತಿಂದುಬಿಡಬೇಕು.

ದಿನದ ವಿಷಯ. ಶುಕ್ರವಾರ, ಶನಿವಾರ ರಾತ್ರಿ ಅಂತಲೇ ಯಾಕೆ ಹಟ? ಎರಡು ದಿನ ರಜೆ ಹಾಕಿ ಭಾನುವಾರ, ಸೋಮವಾರ ರಾತ್ರಿ ಉಳಿಯಿರಿ. ಭಾನುವಾರ ಮಧ್ಯಾಹ್ನ ಬೆಂಗಳೂರಿನವರು ಎಕ್ಸ್‌ಪ್ರೆಸ್‌ವೇ ಹತ್ತಿ ವಾಪಸ್ ಹೊರಡುತ್ತಾರೆ. ಹೋಟೆಲ್ ಖಾಲಿಯಾಗುತ್ತದೆ, ರೇಟು ಇಳಿಯುತ್ತದೆ, ಒಳ್ಳೇ ರೂಮು ಮಿಕ್ಕಿರುತ್ತದೆ. ಅರಮನೆಯ ದೀಪವೂ ಅವತ್ತೇ ಸಂಜೆ. ಮೃಗಾಲಯಕ್ಕೆ ಮಂಗಳವಾರ ರಜೆ, ಸೋಮವಾರವೇ ನೋಡಿಬಿಡಿ.

ಇನ್ನು ರೂಮಿನೊಳಗೆ. ಬ್ಯಾಗು ಮೇಲೆ ಹೋಗುವ ಮೊದಲು ನೀವು ಹೋಗಿ ನೋಡಿ. ಬಾಗಿಲು ತೆರೆದ ಕೂಡಲೇ ಮಲ್ಲಿಗೆ ಸೆಂಟು ಮೂಗಿಗೆ ಹೊಡೆದರೆ ಅನುಮಾನ ಪಡಿ. ಏನನ್ನೋ ಮುಚ್ಚಿದ್ದಾರೆ. ಬಾತ್‌ರೂಮಿನಿಂದ ಚರಂಡಿ ವಾಸನೆ ಬಂದರೆ ಮಾತ್ರ ಗಾಬರಿ ಬೇಡ. ತುಂಬಾ ದಿನ ಖಾಲಿ ಬಿದ್ದ ರೂಮಿನಲ್ಲಿ ನೆಲದ ಜಾಲರಿ ಕೆಳಗಿನ ಬಾಗಿದ ಪೈಪಿನಲ್ಲಿ ನಿಂತ ನೀರು ಒಣಗಿರುತ್ತದೆ. ವಾಸನೆ ತಡೆಯುವುದು ಆ ನೀರೇ. ಒಂದೆರಡು ಮಗ್ ನೀರು ಸುರಿದು ಹತ್ತು ನಿಮಿಷ ಬಿಡಿ. ಆಮೇಲೂ ಬಂದರೆ ರೂಮು ಬದಲಿಸಿ.

ಗಾಜಿನ ಗೋಡೆಯ ಬಾತ್‌ರೂಮ್ ಈಗಿನ ಫ್ಯಾಷನ್. ಗಂಡ ಹೆಂಡತಿಯೇ ಆದರೂ ಎಲ್ಲರಿಗೂ ಅದು ಹಿತವಲ್ಲ, ಅಲ್ವಾ? ಪರದೆ ಇದೆಯಾ ಅಂತ ಫೋನಿನಲ್ಲೇ ಕೇಳಿ, ಸಂಕೋಚ ಬೇಡ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ ಅಂತಲೂ ಕೇಳಿ. ಸೋಲಾರ್ ಇರುವ ಕಡೆ ಮಳೆಗಾಲದಲ್ಲಿ ಎಂಟು ಗಂಟೆಗೇ ತಣ್ಣೀರು.

ರೂಮು ಬದಲಿಸಬೇಕಾದರೆ ಮೊದಲ ಕಾಲು ಗಂಟೆಯಲ್ಲೇ ಹೇಳಿ. ಬಾತ್‌ರೂಮ್ ಬಳಸಬೇಡಿ, ಮಂಚದ ಮೇಲೆ ಒರಗಬೇಡಿ. ಮುಟ್ಟದ ರೂಮನ್ನು ನಾವು ಹಾಗೇ ಇನ್ನೊಬ್ಬರಿಗೆ ಕೊಡಬಹುದು, ಹಾಗಾಗಿ ಬೇಗ ಒಪ್ಪುತ್ತೇವೆ. ಸ್ನಾನ ಮಾಡಿ, ಟವೆಲ್ ಒದ್ದೆ ಮಾಡಿ, ರಾತ್ರಿ ಹತ್ತಕ್ಕೆ ಬಂದು ಕೇಳಿದರೆ ಆ ರೂಮನ್ನು ಮತ್ತೆ ಪೂರ್ತಿ ತೊಳೆಯಬೇಕು. ಆಗ ನಿಮಗೆ ಸಿಗುವುದು "ನಾಳೆ ನೋಡೋಣ ಸರ್" ಅನ್ನುವ ಉತ್ತರ.

ಆ ನಾಲ್ಕೂವರೆ ಸ್ಟಾರ್ ಬಗ್ಗೆಯೂ ಒಂದು ಮಾತು. ಆ್ಯಪಿನ ಸ್ಟಾರು ಗಿರಾಕಿಗಳು ಒತ್ತಿದ್ದು. ನಿಜವಾದ ಸ್ಟಾರ್ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ, ಅದೂ ಐದು ವರ್ಷಕ್ಕೆ. ಎರಡನ್ನೂ ಕಲಸಬೇಡಿ. ರಿವ್ಯೂ ಓದುವುದಾದರೆ ಕಳೆದ ಮೂರು ತಿಂಗಳದ್ದು ಮಾತ್ರ ಓದಿ. "ಸೂಪರ್, ಆಸಮ್" ಬಿಟ್ಟು, ರೂಮ್ ನಂಬರ್ ಬರೆದವರನ್ನು ಹುಡುಕಿ.

ಇನ್ನು ಉಳಿದ ಪತ್ರಗಳು.

ಬಸ್ ಸ್ಟ್ಯಾಂಡಿನಲ್ಲಿ "ರೂಮ್ ಬೇಕಾ ಸಾರ್, ಚೀಪಾಗಿ ಕೊಡಿಸ್ತೀನಿ" ಅನ್ನುವವರನ್ನು ನಂಬಬಹುದಾ? (ಹಾಸನ)
ನಂಬಬೇಡಿ. ಅವರ ಕಮಿಷನ್ ನಿಮ್ಮ ಬಿಲ್ಲಿನಿಂದಲೇ ಹೋಗುತ್ತದೆ.

ಹೋಟೆಲ್ ರೂಮಿನಲ್ಲಿ ಯಾವ ದಿಕ್ಕಿಗೆ ತಲೆ ಹಾಕಬೇಕು? ಮೂಲೆಯಲ್ಲಿ ಬಟ್ಟಲಲ್ಲಿ ಉಪ್ಪಿಡಬೇಕಂತೆ, ಹೌದಾ? (ತುಮಕೂರು)
ಫ್ಯಾನ್ ಗಾಳಿ ಮುಖಕ್ಕೆ ಬಡಿಯದ ದಿಕ್ಕಿಗೆ. ಉಪ್ಪನ್ನು ಹೌಸ್‌ಕೀಪಿಂಗ್ ಹುಡುಗ ಬೆಳಿಗ್ಗೆ ಗುಡಿಸಿ ಎಸೆಯುತ್ತಾನೆ.

ಗುಪ್ತ ಕ್ಯಾಮೆರಾ ಪತ್ತೆ ಮಾಡುವ ಆ್ಯಪ್‌ಗೆ 499 ರೂಪಾಯಿ ಕೊಟ್ಟೆ. ಕನ್ನಡಿ ಹಿಂದಿನಿಂದ ನಾವು ಕಾಣುವಂಥದ್ದಾ ಅಂತ ಅದಕ್ಕೆ ಬೆರಳಿಟ್ಟು ನೋಡುವುದನ್ನೂ ಕಲಿತೆ. ಸಾಕಾ? (ಹುಬ್ಬಳ್ಳಿ)
ದುಡ್ಡು ಹಾಳು. ಬೆರಳಿನ ಪರೀಕ್ಷೆಯೂ ನಂಬುವಂಥದ್ದಲ್ಲ. ಹೆದರಿದ ಹೆಣ್ಣುಮಕ್ಕಳ ಭಯವನ್ನೇ ಮಾರಿ ಬದುಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೀಪ ಆರಿಸಿ, ಟಾರ್ಚ್ ಹಿಡಿದು, ಮಂಚಕ್ಕೆ ಮತ್ತು ಬಾತ್‌ರೂಮಿಗೆ ಎದುರಾಗಿರುವ ಸ್ಮೋಕ್ ಡಿಟೆಕ್ಟರ್, ಗಡಿಯಾರ, ಪ್ಲಗ್ ಪಾಯಿಂಟುಗಳನ್ನು ನಿಧಾನವಾಗಿ ನೋಡಿ. ಲೆನ್ಸ್ ಇದ್ದರೆ ಚುಕ್ಕೆಯಾಗಿ ಹೊಳೆಯುತ್ತದೆ. ಕಂಡರೆ ಅದನ್ನು ಮುಟ್ಟಬೇಡಿ, ಮ್ಯಾನೇಜರ್ ಜೊತೆ ಜಗಳಕ್ಕೂ ಹೋಗಬೇಡಿ. ರೂಮಿನಿಂದ ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅದು ಅಪರಾಧ.

ನಮಗಿನ್ನೂ ಮದುವೆಯಾಗಿಲ್ಲ. ರೂಮು ಕೊಡುತ್ತಾರಾ? (ಬೆಂಗಳೂರು)
ಕೊಡಬಾರದು ಅನ್ನುವ ಕಾನೂನು ಇಲ್ಲ. ಮದ್ರಾಸ್ ಹೈಕೋರ್ಟ್ 2019ರಲ್ಲೇ ಇದನ್ನು ಹೇಳಿದೆ. ಆದರೂ ಕೆಲವರು ತಕರಾರು ಮಾಡುತ್ತಾರೆ. ಬುಕ್ ಮಾಡುವ ಮೊದಲೇ ಫೋನಿನಲ್ಲಿ ಕೇಳಿ. ರಾತ್ರಿ ಕೌಂಟರ್ ಎದುರು ಅವಮಾನ ಮಾಡಿಸಿಕೊಳ್ಳಬೇಡಿ. ಇಬ್ಬರ ಗುರುತಿನ ಚೀಟಿಯೂ ಬೇಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

5,000 ರೂಪಾಯಿ ರೂಮಿಗೆ 12 ಪರ್ಸೆಂಟ್ ಜಿಎಸ್‌ಟಿ, ಮೇಲೆ ಸರ್ವಿಸ್ ಚಾರ್ಜ್ ಹಾಕಿದರು. (ಶಿವಮೊಗ್ಗ)
2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ 5 ಪರ್ಸೆಂಟ್. ಅದಕ್ಕಿಂತ ಮೇಲಾದರೆ 18. ಬಿಲ್ಲಿನ ದಿನಾಂಕ ನೋಡಿ. ಸರ್ವಿಸ್ ಚಾರ್ಜನ್ನು ಕೇಳದೆ ಸೇರಿಸುವಂತಿಲ್ಲ, ತೆಗೆಸಿ.

ಆನಿವರ್ಸರಿಗೆ ಹಾಸಿಗೆ ಮೇಲೆ ಗುಲಾಬಿ ಎಸಳು, ಹಂಸದ ಆಕಾರದ ಟವೆಲ್, 1,500 ರೂಪಾಯಿ. ಮಾಡಿಸಲಾ? (ಮಂಗಳೂರು)
ಬೇಡ. ಎಸಳು ಬೆನ್ನಿಗೆ ಅಂಟುತ್ತದೆ, ಶೀಟಿಗೆ ಕಲೆಯಾಗುತ್ತದೆ. ಹಂಸ ಮಾಡಲು ಆ ಟವೆಲನ್ನು ಮಂಚದ ಮೇಲೆ ಎಷ್ಟು ಸಲ ಮಡಿಸಿ ಬಿಚ್ಚಿರುತ್ತಾರೆ ಅಂತ ನನಗೆ ಗೊತ್ತು. ಅದೇ ದುಡ್ಡಿಗೆ ದೇವರಾಜ ಮಾರ್ಕೆಟ್ಟಿನಲ್ಲಿ ಮೈಸೂರು ಮಲ್ಲಿಗೆ ಕೊಂಡು ಹೆಂಡತಿಗೆ ಮುಡಿಸಿ. ಮಿಕ್ಕ ಹಣ ಜೇಬಿನಲ್ಲಿರಲಿ.