ಬೇಗ ಸೆಟ್ ಆಗುವ ಟೈಲ್ ಅಡೆಸಿವ್ ಬಕೆಟ್‌ನಲ್ಲೇ ಗಟ್ಟಿಯಾಗುತ್ತಿದೆ, ಸ್ವಲ್ಪ ನೀರು ಸೇರಿಸಬಹುದಾ?

ಸೇರಿಸಬೇಡಿ. ಬಕೆಟ್‌ನಲ್ಲಿ ಈಗ ಬಿಗಿಯಾಗುತ್ತಿರುವುದು ಏನಾದರೂ ಇದ್ದರೆ ಅದನ್ನು ಹಾಗೇ ಪಕ್ಕಕ್ಕಿಟ್ಟು, ಆಮೇಲೆ ಮುಂದೆ ಓದಿ.

ಕಲಸಿದ ಮೇಲೆ ಅರ್ಧ ಗಂಟೆ ಬಳಸಬಹುದು ಅಂತ ಚೀಲದ ಮೇಲೆ ಇದೆ, ನಿಮಗೆ ಕಾಲು ಗಂಟೆಯೂ ಸಿಗುತ್ತಿಲ್ಲ, ಎರಡನೇ ಸಲ ಕಲಸಿದ್ದು ಮೊದಲನೆಯದಕ್ಕಿಂತ ಬೇಗ ಕಲ್ಲಾಯಿತು, ನೀರು ಹಾಕಿ ಮೆತ್ತಗೆ ಮಾಡಿ ಒಂದಿಷ್ಟು ಟೈಲ್ಸ್ ಹಾಕಿಯೂ ಆಗಿದೆ, ಈಗ ಕೈ ಚುರುಕಾಗಬೇಕು ಅಂದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ನನ್ನ ಬಚ್ಚಲುಮನೆಯ ಕಥೆಯನ್ನೇ ಯಾರೋ ಬರೆದ ಹಾಗಿದೆ.

ನಾನು ಅದಕ್ಕೂ ಮೊದಲು ಒಂದು ರೂಮಿನ ನೆಲವನ್ನು ಮಾಮೂಲಿ ಅಡೆಸಿವ್‌ನಲ್ಲಿ ಮಾಡಿದ್ದೆ. ಅದು ಬಕೆಟ್‌ನಲ್ಲಿ ಗಂಟೆಗಟ್ಟಲೆ ಕಾಯುತ್ತದೆ. ನಡುವೆ ಒಂದು ಟೈಲ್ ಕತ್ತರಿಸಿ ಬರಬಹುದು, ಫೋನ್‌ನಲ್ಲಿ ಮಾತಾಡಬಹುದು, ಕೂತು ಯೋಚನೆ ಮಾಡಬಹುದು. ಬಚ್ಚಲುಮನೆಗೆ ಬಂದಾಗ ಬೇಗ ಮುಗಿಯಲಿ ಅಂತ ಫಾಸ್ಟ್ ಸೆಟ್ಟಿಂಗ್ ತಂದೆ, ಅಭ್ಯಾಸ ಮಾತ್ರ ಹಳೆಯದೇ. ಇಡೀ 20 ಕಿಲೋ ಚೀಲವನ್ನು ಒಂದೇ ಸಲಕ್ಕೆ ಕಲಸಿಬಿಟ್ಟೆ. ಪೈಪ್ ಸುತ್ತ ಕೂರಬೇಕಾದ ಟೈಲ್ ಕತ್ತರಿಸಲು ಹೊರಗೆ ಹೋದೆ. ಮೊದಲ ತುಂಡು ಒಡೆಯಿತು, ಎರಡನೆಯದು ಸರಿಬಂತು. ವಾಪಸ್ ಬಂದರೆ ಕರಣೆ ಬಕೆಟ್‌ನಲ್ಲಿ ಯಾರೂ ಹಿಡಿಯದೆ ನೆಟ್ಟಗೆ ನಿಂತಿದೆ.

ಆಗ ಒಂದು ಮಗ್ ನೀರು ಸುರಿದು, ಕಲಸುವ ಕಡ್ಡಿ ಸಿಕ್ಕಿಸಿದ ಡ್ರಿಲ್ ಓಡಿಸಿದೆ. ಈ ತಪ್ಪಿನಲ್ಲಿ ಮೋಸ ಏನಂದರೆ, ಅದು ಕೆಲಸ ಮಾಡಿದ ಹಾಗೇ ಕಾಣುತ್ತದೆ. ಅಂಟು ಮತ್ತೆ ನುಣ್ಣಗಾಯಿತು, ಕರಣೆಯ ಹಲ್ಲಿಗೆ ಚೆನ್ನಾಗಿ ಗೆರೆ ಬಿತ್ತು, ಟೈಲ್ಸ್ ಕೂತವು. ಮಾರನೇ ದಿನ ಮೇಲೆ ನಡೆದರೂ ಅಲುಗಲಿಲ್ಲ. ಟೈಲ್ಸ್ ನಡುವಿನ ಸಂದಿ ತುಂಬುವ ಗ್ರೌಟ್ ಹಾಕಿದೆ. ಕೆಲವು ವಾರ ಕಳೆದ ಮೇಲೆ ಅದೇ ಜಾಗದ ಗ್ರೌಟ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಬೆರಳ ಗಂಟಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಂದನ್ನು ಎಬ್ಬಿಸಿ ನೋಡಿದರೆ ಟೈಲ್‌ನ ಬೆನ್ನು ಹೆಚ್ಚು ಕಮ್ಮಿ ಹೊಸದರಂತೆ ಇತ್ತು. ನೆಲದ ಮೇಲಿದ್ದ ಅಂಟು ಉಗುರಿನಿಂದ ಕೆರೆದರೆ ಪುಡಿಪುಡಿ. ನೀರು ಸೇರಿಸುವ ಮೊದಲು ಹಾಕಿದ ಟೈಲ್ಸ್ ಉಳಿಯಿಂದ ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ. ಚೀಲ ಒಂದೇ, ನೆಲ ಒಂದೇ, ದಿನವೂ ಅದೇ. ನಡುವೆ ಇದ್ದದ್ದು ಆ ಒಂದು ಮಗ್ ನೀರು ಮಾತ್ರ.

ಯಾಕೆ ಹೀಗೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಕಾರಣ ಗೊತ್ತಿಲ್ಲದಿದ್ದರೆ ಮುಂದಿನ ಸಲವೂ ಕೈ ಮಗ್ ಕಡೆಗೇ ಹೋಗುತ್ತದೆ. ಅಂಟು ಒಣಗಿ ಗಟ್ಟಿಯಾಗುತ್ತಿದೆ, ಹೋದ ನೀರನ್ನು ವಾಪಸ್ ಕೊಟ್ಟರೆ ಸರಿಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಒಣಗುತ್ತಿಲ್ಲ. ಸಿಮೆಂಟ್ ನೀರಿನ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತಿದೆ. ಬೇಗ ಸೆಟ್ ಆಗುವ ಜಾತಿಯಲ್ಲಿ ಸಾಮಾನ್ಯವಾಗಿ ಮಾಮೂಲಿ ಸಿಮೆಂಟ್ ಜೊತೆ ಅಲ್ಯುಮಿನೇಟ್ ಸಿಮೆಂಟ್, ಜಿಪ್ಸಂ ಥರದ ಸಲ್ಫೇಟ್ ಇರುತ್ತವೆ. ಇವು ನೀರನ್ನು ಗಬಗಬ ಹೀರಿಕೊಂಡು ಸೂಜಿಯಂಥ ಹರಳುಗಳನ್ನು ಕಟ್ಟುತ್ತವೆ. ಆ ಸೂಜಿಗಳು ಒಂದರೊಳಗೊಂದು ಹೆಣೆದುಕೊಳ್ಳುವುದೇ ಗಟ್ಟಿಯಾಗುವುದು. ಬಕೆಟ್ ಮುಟ್ಟಿದರೆ ಬೆಚ್ಚಗಿರುತ್ತದಲ್ಲ, ಅದು ಈ ಕೆಲಸದ ಬಿಸಿ. ಹೆಣಿಗೆ ಶುರುವಾದ ಮೇಲೆ ಡ್ರಿಲ್ ಹಾಕಿದರೆ ಹರಳುಗಳು ಮುರಿಯುತ್ತವೆ, ಮುರಿದವು ಮತ್ತೆ ಹಾಗೆ ಸೇರುವುದಿಲ್ಲ. ಸುರಿದ ನೀರು ಸುಮ್ನೆ ಸಂದಿಯಲ್ಲಿ ಕೂತಿದ್ದು, ಆಮೇಲೆ ಆರಿ ಹೋಗಿ ಸಣ್ಣ ಸಣ್ಣ ರಂಧ್ರ ಬಿಡುತ್ತದೆ. ಇನ್ನೂ ಮೆತ್ತಗಿರುವಾಗ, ನೀರು ಹಾಕದೆ ಒಮ್ಮೆ ತಿರುವಿಕೊಂಡರೆ ತೊಂದರೆ ಇಲ್ಲ. ಬಿಗಿ ಹಿಡಿಯಲು ಶುರುವಾದರೆ ಅದು ಕಸ.

ಈಗ ನಿಮ್ಮ ಕೈವೇಗದ ವಿಷಯ. ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ನಿಮ್ಮ ಕೈ ನಿಧಾನ ಇಲ್ಲ, ನಿಮ್ಮ ಬಕೆಟ್ ದೊಡ್ಡದು. 10 ಮಿಲಿಮೀಟರ್ ಹಲ್ಲಿನ ಕರಣೆಯಲ್ಲಿ ಒಂದು ಚದರ ಮೀಟರ್‌ಗೆ ಸುಮಾರು 3ರಿಂದ 5 ಕಿಲೋ ಪುಡಿ ಹೋಗುತ್ತದೆ. 20 ಕಿಲೋ ಕಲಸಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಚದರ ಮೀಟರ್‌ಗಿಂತ ಜಾಸ್ತಿ ನೆಲ ಮುಗಿಸಬೇಕು, ಅದೂ ಮಟ್ಟ ನೋಡಿ, ಸಂದಿ ಒಂದೇ ಸಮ ಇರಲು ಸ್ಪೇಸರ್ ಇಟ್ಟು, ಒರೆಸಿಕೊಂಡು. ನುರಿತ ಮೇಸ್ತ್ರಿ, ಪಕ್ಕದಲ್ಲಿ ಕಲಸಿಕೊಡುವ ಒಬ್ಬ ಆಳು ಇದ್ದರೆ ಆದೀತು. ಒಬ್ಬರೇ ಮಾಡುವವರು 4-5 ಕಿಲೋ ಮಾತ್ರ ಕಲಸಿ. ಪುಡಿಯನ್ನು ತಕ್ಕಡಿಯಲ್ಲಿ ತೂಗಿ, ನೀರನ್ನು ಅಳತೆಯ ಜಗ್‌ನಲ್ಲಿ ಅಳೆಯಿರಿ. ಚೀಲದ ಮೇಲೆ 20 ಕಿಲೋಗೆ 5 ಲೀಟರ್ ಅಂತಿದ್ದರೆ 5 ಕಿಲೋಗೆ 1.25 ಲೀಟರ್. ಅಂದಾಜು ಬೇಡ.

ಇನ್ನೊಂದು ಮಾತು. ಪುಡಿಗೆ ನೀರು ಸೋಕುವ ಮೊದಲೇ ಆ ಸಾಲಿನ ಎಲ್ಲ ಟೈಲ್ಸ್ ಕತ್ತರಿಸಿ, ಒಣಗಿರುವ ನೆಲದ ಮೇಲೆ ಜೋಡಿಸಿ ನೋಡಿ, ಹಿಂದೆ ನಂಬರ್ ಬರೆದಿಡಿ. ನನ್ನ ಚೀಲ ಹಾಳಾಗಿದ್ದು ಟೈಲ್ ಹಾಕುವಾಗ ಅಲ್ಲ, ಕತ್ತರಿಸುವಾಗ.

ಎರಡನೆಯದು ಯಾಕೆ ಇನ್ನೂ ಬೇಗ ಕಲ್ಲಾಯಿತು ಗೊತ್ತಾ? ಮೊದಲಿನ ಬಕೆಟ್ ತೊಳೆಯದೆ ಅದರಲ್ಲೇ ಕಲಸಿರುತ್ತೀರಿ. ಅಂಚಿಗೆ, ಡ್ರಿಲ್‌ನ ಕಡ್ಡಿಗೆ ಅಂಟಿದ ಹಳೆಯ ಚೂರುಗಳಲ್ಲಿ ಹರಳುಗಳು ಆಗಲೇ ಬೆಳೆದಿರುತ್ತವೆ. ಹೊಸದಾಗಿ ಕಲಸಿದ್ದಕ್ಕೆ ಅವು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕರಣೆ ತೊಳೆದ ಕೊಳಕು ನೀರಿನಲ್ಲಿ ಕಲಸಿದರೂ ಅದೇ ಕಥೆ. ಅದಕ್ಕೇ ನಾನೀಗ ಎರಡು ಬಕೆಟ್ ಇಟ್ಟುಕೊಳ್ಳುತ್ತೇನೆ. ಒಂದರಲ್ಲಿ ಕಲಸುವಾಗ ಇನ್ನೊಂದು ತೊಳೆದು ಮಗುಚಿಟ್ಟಿರುತ್ತದೆ. ಕಲಸುವ ನೀರು ಶುದ್ಧವಾಗಿರಬೇಕು, ತಣ್ಣಗಿರಬೇಕು. ಚೀಲದ ಮೇಲಿನ ಅರ್ಧ ಗಂಟೆ ಸಾಮಾನ್ಯವಾಗಿ 20-23 ಡಿಗ್ರಿ ಹವೆಯ ಲೆಕ್ಕ. ಬಿಸಿಲಲ್ಲಿ ಕಾದ ಚೀಲ, ಬೆಚ್ಚಗಿನ ನೀರು ಸೇರಿದರೆ ಅದರಲ್ಲಿ ಅರ್ಧವೂ ಸಿಗುವುದಿಲ್ಲ.

ಕಲಸುವ ಕ್ರಮ: ಮೊದಲು ನೀರು, ಅದಕ್ಕೆ ಪುಡಿ. ತಿರುಗಾಮುರುಗಾ ಮಾಡಿದರೆ ತಳದಲ್ಲಿ ಒಣ ಪುಡಿ ಉಳಿದು ಗಂಟು ಬರುತ್ತದೆ. ಡ್ರಿಲ್ ನಿಧಾನವಾಗಿ ತಿರುಗಲಿ, ಜೋರಾಗಿ ಓಡಿಸಿದರೆ ಗಾಳಿ ಸೇರುತ್ತದೆ. ಒಂದೆರಡು ನಿಮಿಷ ಕಲಸಿ, ಚೀಲದಲ್ಲಿ ಹೇಳಿದಷ್ಟು ಹೊತ್ತು ಸುಮ್ಮನೆ ಬಿಟ್ಟು, ಮತ್ತೊಮ್ಮೆ ತಿರುವಿ. ಈ ಬಿಡುವೂ ನಿಮ್ಮ ಅರ್ಧ ಗಂಟೆಯಲ್ಲೇ ಕಳೆಯುತ್ತದೆ ಅನ್ನುವುದು ನೆನಪಿರಲಿ. ಗ್ಲೌಸ್ ಹಾಕಿ, ಸಿಮೆಂಟ್ ಕ್ಷಾರ ಚರ್ಮ ಸುಡುತ್ತದೆ. ಪುಡಿ ಸುರಿಯುವಾಗ ಮಾಸ್ಕ್ ಇರಲಿ.

ನೆಲದ ಮೇಲೆ ಹರಡಿದ್ದಕ್ಕೆ ಬೇರೆಯೇ ಗಡಿಯಾರ ಇದೆ, ಅದು ಇನ್ನೂ ಚಿಕ್ಕದು. ಯುರೋಪಿನ ಇಎನ್ 12004 ಮಾನದಂಡ ಮಾಮೂಲಿ ಅಡೆಸಿವ್‌ಗೆ ಹರಡಿದ ಮೇಲೆ ಕನಿಷ್ಠ 20 ನಿಮಿಷ ಟೈಲ್ ಹಿಡಿಯುವ ಗುಣ ಉಳಿಯಬೇಕು ಅಂತ ಕೇಳುತ್ತದೆ, ಬೇಗ ಸೆಟ್ ಆಗುವ 'ಎಫ್' ವರ್ಗಕ್ಕೆ 10 ನಿಮಿಷ ಸಾಕು ಅನ್ನುತ್ತದೆ. ಹಾಗಾಗಿ ಒಂದೆರಡು ಟೈಲ್ಸ್‌ಗೆ ಬೇಕಾದಷ್ಟು ಮಾತ್ರ ಹರಡಿ. ಬೆರಳಿಂದ ಮುಟ್ಟಿ, ಅಂಟು ಬೆರಳಿಗೆ ಹತ್ತದಿದ್ದರೆ ಮೇಲೆ ಕೆನೆಗಟ್ಟಿದೆ ಅಂತ ಅರ್ಥ. ಕೆರೆದು ಎಸೆಯಿರಿ, ಅದರ ಮೇಲೆ ಟೈಲ್ ಒತ್ತಬೇಡಿ. ಗೆರೆಗಳೆಲ್ಲ ಒಂದೇ ದಿಕ್ಕಿಗಿರಲಿ, ಟೈಲನ್ನು ಗೆರೆಗೆ ಅಡ್ಡಲಾಗಿ ಹಿಂದೆ ಮುಂದೆ ಜರುಗಿಸಿ ಒತ್ತಿ. ನಡುನಡುವೆ ಒಂದನ್ನು ಎತ್ತಿ ಬೆನ್ನು ನೋಡುವುದು ಒಳ್ಳೆಯದು. ನೀರು ಬೀಳುವ ಜಾಗದಲ್ಲಿ ಬೆನ್ನಿನ 95 ಶೇಕಡಾ ಅಂಟು ಹಿಡಿದಿರಬೇಕು.

ಮೇಲೆ ಮೆತ್ತಿದ್ದನ್ನು ಹಿಂಡಿದ ಸ್ಪಂಜಿನಿಂದ ಆಗಲೇ ಒರೆಸಿ. ಸಂದಿಯಲ್ಲಿ ಉಬ್ಬಿ ಬಂದದ್ದನ್ನೂ ಆಗಲೇ ಕೆರೆಯಿರಿ, ಇಲ್ಲದಿದ್ದರೆ ಗ್ರೌಟ್‌ಗೆ ಜಾಗ ಇರುವುದಿಲ್ಲ. ಒಂದು ಗಂಟೆ ಬಿಟ್ಟರೆ ಅದಕ್ಕೆ ಉಳಿ ಬೇಕಾಗುತ್ತದೆ. ತೊಳೆದ ನೀರನ್ನು ಮೋರಿಗೆ ಸುರಿಯಬೇಡಿ, ಪೈಪ್ ಒಳಗೆ ಸೆಟ್ ಆಗುತ್ತದೆ. ರಾತ್ರಿ ಇಟ್ಟು, ಅಡಿಗೆ ಕೂತ ಗಷ್ಟನ್ನು ಕಸಕ್ಕೆ ಹಾಕಿ. ರಬ್ಬರ್ ಥರ ಬಾಗುವ ಬಕೆಟ್ ಆದರೆ ಒಳಗೆ ಗಟ್ಟಿಯಾದದ್ದು ಹಿಸುಕಿದರೆ ಬಿಟ್ಟುಕೊಳ್ಳುತ್ತದೆ.

ನಿಜ ಹೇಳಬೇಕೆಂದರೆ ನಿಮಗೆ ಈ ಅಡೆಸಿವ್ ಬೇಕಿತ್ತಾ ಅಂತಲೇ ನನಗೆ ಅನುಮಾನ. ಒಂದು ರಾತ್ರಿ ಬಾಗಿಲು ಹಾಕಿಡಬಹುದಾದ ರೂಮಿಗೆ ಮಾಮೂಲಿಯದೇ ಸಾಕು, ಮಾರನೇ ದಿನ ಗ್ರೌಟ್ ಹಾಕಬಹುದು. ಓಡಾಡುವ ಬಾಗಿಲ ಹತ್ತಿರ, ಮನೆಗೆ ಇರುವುದೇ ಒಂದು ಬಚ್ಚಲು ಆಗಿದ್ದರೆ, ಒಡೆದ ಒಂದೆರಡು ಟೈಲ್ಸ್ ಬದಲಿಸುವಾಗ ಬೇಗ ಸೆಟ್ ಆಗುವುದು ಬೇಕು. ಉಳಿದ ಕಡೆ ಅದು ಸುಮ್ನೆ ತಲೆನೋವು, ಅಲ್ವಾ?

ಇನ್ನು ನೀರು ಸೇರಿಸಿದ ಬಕೆಟ್‌ನಿಂದ ಆಗಲೇ ಹಾಕಿದ ಟೈಲ್ಸ್. ಅವು ಚೆನ್ನಾಗಿ ಕೂತ ಹಾಗೆ ಕಂಡರೂ ಇವತ್ತೇ ಎಬ್ಬಿಸಿ, ನೆಲವನ್ನು, ಟೈಲ್ ಬೆನ್ನನ್ನು ಕೆರೆದು ಧೂಳು ತೆಗೆದು ಹೊಸ ಅಂಟಿನಲ್ಲಿ ಹಾಕಿ. ಗ್ರೌಟ್ ಹಾಕುವ ಮೊದಲಾದರೆ ಸಂದಿಯೊಳಗೆ ತೆಳು ಪಟ್ಟಿ ತೂರಿಸಿ ಎತ್ತಬಹುದು, ಪಕ್ಕದವಕ್ಕೆ ಪೆಟ್ಟಾಗುವುದಿಲ್ಲ.